ಅದು ಎಲ್ಲಿ ಕೂತಿದೆ?

ನನ್ನ ಮೇಜಿನ ಮೇಲೆ ಒಂದು ಸಣ್ಣ ನೋಟ್‌ಬುಕ್ ಇದೆ. ಅದರಲ್ಲಿ ದಿನಕ್ಕೆ ಒಂದೇ ಸಾಲು ಬರೆಯುತ್ತೇನೆ. "ಮೇಲೆ, ಬಲ ಮೂಲೆ, ಕೊಳವೆಯ ಬಾಯಲ್ಲಿ." "ಕೊಳವೆಯ ಒಳಗೆ, ಎರಡು ಕಾಲು ಮಾತ್ರ ಹೊರಗೆ." "ತೊಗಟೆಯ ನಡುಭಾಗ, ತಲೆ ಕೆಳಗೆ." ಎಂಟು ವರ್ಷದಿಂದ ಹೀಗೆ ಬರೆದಿಡುತ್ತಾ ಬಂದಿದ್ದೇನೆ. ಬೇರೆ ಯಾರಾದರೂ ತೆರೆದು ಓದಿದರೆ ತಲೆಬುಡ ಗೊತ್ತಾಗುವುದಿಲ್ಲ. ನನಗೆ ಅದು ಒಂದು ಜೀವದ ಆರೋಗ್ಯದ ಲೆಕ್ಕ.

ಆ ಜೀವ ಒಂದು ಟರಂಟುಲಾ, ಅಂದರೆ ದೊಡ್ಡ ಜಾತಿಯ ಜೇಡ. ಮರದ ಮೇಲೆ ಬದುಕುವ ಬಗೆಯದು. ಮೈಯೆಲ್ಲ ಕಪ್ಪು ಕೂದಲು, ಎಂಟೂ ಕಾಲಿನ ತುದಿ ಮಾತ್ರ ತಿಳಿ ಗುಲಾಬಿ. ಅವಿಕ್ಯುಲೇರಿಯಾ ಅವಿಕ್ಯುಲೇರಿಯಾ ಅನ್ನುವುದು ಅದರ ವೈಜ್ಞಾನಿಕ ಹೆಸರು, ಸಾಕುವವರು ಸುಮ್ನೆ ಪಿಂಕ್‌ಟೋ ಅನ್ನುತ್ತಾರೆ. ದಕ್ಷಿಣ ಅಮೆರಿಕದ ಉತ್ತರ ಭಾಗದ ಕಾಡುಗಳು ಇದರ ನೆಲೆ. ಮರಿಯಾಗಿದ್ದಾಗ ಇದರ ಬಣ್ಣ ತಿರುಗುಮುರುಗು ಇರುತ್ತದೆ: ಕಾಲೆಲ್ಲ ಗುಲಾಬಿ, ತುದಿ ಮಾತ್ರ ಕಪ್ಪು. ಬೆಳೆಯುತ್ತಾ ಬೆಳೆಯುತ್ತಾ ಪ್ರತಿ ಸಲ ಪೊರೆ ಬಿಟ್ಟಾಗಲೂ ಆ ಬಣ್ಣ ಸ್ವಲ್ಪ ಸ್ವಲ್ಪವೇ ಅದಲು ಬದಲಾಗುತ್ತದೆ. ನನ್ನ ಕಣ್ಣೆದುರೇ ಅದು ಆಗಿದ್ದನ್ನು ನೋಡಿದ್ದೇನೆ. ಇವತ್ತಿಗೂ ಅದು ನನಗೆ ಅಚ್ಚರಿ.

ಇದು ನನ್ನ ಎರಡನೆಯ ಪಿಂಕ್‌ಟೋ. ಮೊದಲನೆಯದು ಐದು ತಿಂಗಳು ಬದುಕಿತ್ತು. ಅದು ಸತ್ತಿದ್ದು ನನ್ನ ಕೈಯಿಂದ. ಈ ಬರಹ ಶುರುವಾಗಬೇಕಾದ ಜಾಗ ಅದೇ.

ಅದನ್ನು ಕೊಟ್ಟವರು ಒಂದೇ ಮಾತು ಹೇಳಿದ್ದರು. "ಮಳೆಕಾಡಿನ ಪ್ರಾಣಿ, ಸದಾ ತೇವ ಇರಲಿ." ನಾನು ಅಕ್ಷರಶಃ ಪಾಲಿಸಿದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೀರು ಚಿಮುಕಿಸುತ್ತಿದ್ದೆ. ತೇವ ಹೊರಗೆ ಹೋಗಬಾರದು ಅಂತ ಪೆಟ್ಟಿಗೆಯ ಮುಚ್ಚಳದಲ್ಲಿ ನಾಲ್ಕೈದು ತೂತು ಮಾತ್ರ ಬಿಟ್ಟಿದ್ದೆ. ಒಳಗೆ ತೇವ ಅಳೆಯುವ ಮೀಟರ್ ಅಂಟಿಸಿದ್ದೆ. ಮುಳ್ಳು 85ರ ಹತ್ತಿರ ನಿಂತರೆ ನೆಮ್ಮದಿ, 70ಕ್ಕೆ ಇಳಿದರೆ ಆತಂಕ. ಗೋಡೆಯ ಮೇಲೆ ಹನಿ ನಿಂತಿರುತ್ತಿತ್ತು. ಬುಡದ ತೆಂಗಿನ ನಾರಿನ ಪುಡಿ ಒದ್ದೆಯಾಗಿ ಕಪ್ಪಗಿತ್ತು. ಅದನ್ನು ನೋಡಿ ಸಂತೋಷಪಡುತ್ತಿದ್ದೆ. ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಅಂತ.

ಮೂರನೆಯ ತಿಂಗಳ ಹೊತ್ತಿಗೆ ಅದು ತಾನು ಕಟ್ಟಿದ ಬಲೆಯ ಕೊಳವೆ ಬಿಟ್ಟು ಹೊರಗೆ ಬಂತು. ಮುಚ್ಚಳದ ತೂತುಗಳ ಕೆಳಗೆ ಹೋಗಿ ಅಂಟಿಕೊಂಡು ಕೂರುತ್ತಿತ್ತು. ದಿನವೂ ಅಲ್ಲೇ. ಎತ್ತರ ಇಷ್ಟಪಡುವ ಜೇಡ ಅಲ್ವಾ, ಇನ್ನೂ ಮೇಲೆ ಹೋಗಬೇಕು ಅನ್ನಿಸಿರಬೇಕು ಅಂದುಕೊಂಡೆ. ಆಮೇಲೆ ಒಂದು ದಿನ ಬೆಳಿಗ್ಗೆ ನೋಡಿದರೆ ನೆಲದಲ್ಲಿತ್ತು. ಮರದ ಜೇಡ ನೆಲದಲ್ಲಿ. ಕಾಲುಗಳು ಹೊಟ್ಟೆಯ ಕೆಳಗೆ ಸ್ವಲ್ಪ ಮಡಚಿಕೊಂಡಿದ್ದವು. ಗಾಬರಿಯಾಗಿ ಹುಡುಕಿ ಓದಿದೆ. ಎಲ್ಲೋ "ಐಸಿಯು" ಮಾಡಿ ಅಂತ ಬರೆದಿತ್ತು, ಅಂದರೆ ಒದ್ದೆ ಟಿಶ್ಯೂ ಹಾಸಿದ ಸಣ್ಣ ಡಬ್ಬಿಯೊಳಗೆ ಮುಚ್ಚಿಡುವುದು. ಹಾಗೇ ಮಾಡಿದೆ. ಗಾಳಿಗಾಗಿ ಒದ್ದಾಡುತ್ತಿದ್ದ ಪ್ರಾಣಿಯನ್ನು ಇನ್ನೂ ಒದ್ದೆಯ, ಇನ್ನೂ ಚಿಕ್ಕ ಡಬ್ಬಿಗೆ ಹಾಕಿದೆ. ಮೂರನೆಯ ದಿನ ಸತ್ತು ಹೋಯಿತು.

ತೂತಿನ ಕೆಳಗೆ ಕೂತು ಅದು ಎರಡು ತಿಂಗಳು ನನಗೆ ಹೇಳುತ್ತಲೇ ಇತ್ತು. ನಾನು ಮೀಟರ್ ನೋಡುತ್ತಿದ್ದೆ.

ಹೀಗೆ ಸಾಯುವುದಕ್ಕೆ ಸಾಕುವವರ ನಡುವೆ ಒಂದು ಹೆಸರೇ ಇದೆ: ಸಡನ್ ಅವಿಕ್ಯುಲೇರಿಯಾ ಡೆತ್ ಸಿಂಡ್ರೋಮ್. ಕೇಳಿದರೆ ಏನೋ ದೊಡ್ಡ ಕಾಯಿಲೆ ಅನ್ನಿಸುತ್ತದೆ. ಅದು ಕಾಯಿಲೆಯ ಹೆಸರಲ್ಲ. ಚೆನ್ನಾಗಿದ್ದ ಜೇಡ ಇದ್ದಕ್ಕಿದ್ದಂತೆ ಸತ್ತಿತು ಅನ್ನುವುದನ್ನೇ ಹಾಗೆ ಕರೆದಿದ್ದಾರೆ ಅಷ್ಟೆ. ನನ್ನ ಅನುಭವದಲ್ಲಿ, ನಾನು ಮಾತಾಡಿಸಿದ ಹಳಬರ ಅನುಭವದಲ್ಲಿ, ಅದರ ಹಿಂದೆ ಹೆಚ್ಚಿನ ಸಲ ಇರುವುದು ಕೊಳೆತ ಗಾಳಿ. ತೇವ ಇರಬೇಕು ಅಂತ ಗಾಳಿಯನ್ನು ಕಟ್ಟಿಹಾಕಿದ ಪೆಟ್ಟಿಗೆ.

ಇದು ಯಾಕೆ ಅಂತ ತಿಳಿಯಲು ಅದರ ಮೈಯನ್ನು ಸ್ವಲ್ಪ ಅರ್ಥ ಮಾಡಿಕೊಳ್ಳಬೇಕು. ಟರಂಟುಲಾಕ್ಕೆ ನಮ್ಮ ಹಾಗೆ ಉಬ್ಬಿ ಇಳಿಯುವ ಎದೆಯಿಲ್ಲ. ಹೊಟ್ಟೆಯ ಅಡಿಯಲ್ಲಿ ಎರಡು ಜೊತೆ ಶ್ವಾಸಕೋಶಗಳಿವೆ. ಒಳಗೆ ಪುಸ್ತಕದ ಹಾಳೆಗಳಂತೆ ತೆಳು ಪದರಗಳು ಒಂದರ ಮೇಲೊಂದು ಜೋಡಿಸಿರುತ್ತವೆ. ಆ ಹಾಳೆಗಳ ನಡುವೆ ಗಾಳಿ ತಾನಾಗಿಯೇ ಸುಳಿಯಬೇಕು. ಅಲ್ಲಿಂದ ಆಮ್ಲಜನಕ ರಕ್ತಕ್ಕೆ ಸೇರುತ್ತದೆ. ಅದರ ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರ ಇರುವುದರಿಂದ ಅದು ತಿಳಿ ನೀಲಿ. ಹೀಗೆ ಉಸಿರಾಡುವ ಪ್ರಾಣಿಯ ಸುತ್ತ ಗಾಳಿ ನಿಂತುಬಿಟ್ಟರೆ, ಎಲ್ಲ ಕಡೆ ಹನಿ ಇದ್ದರೆ, ಬೂಷ್ಟು ಬೆಳೆಯುತ್ತಿದ್ದರೆ, ಅದು ಎಲ್ಲಿಗೆ ಹೋಗಬೇಕು? ತೂತಿನ ಹತ್ತಿರ ಹೋಗುತ್ತದೆ.

ಮಳೆಕಾಡು ಅಂದಾಗ ನನಗೆ ಒದ್ದೆ ನೆಲ ಮಾತ್ರ ನೆನಪಾಗಿತ್ತು. ಮರದ ಮೇಲೆ ಗಾಳಿ ಬೀಸುತ್ತದೆ ಅನ್ನುವುದು ನೆನಪಾಗಲಿಲ್ಲ. ಅಲ್ಲಿ ಜೋರು ಮಳೆ ಬಿದ್ದರೂ ಎಲೆ, ತೊಗಟೆ, ಬಲೆ ಎಲ್ಲ ಬೇಗ ಆರುತ್ತವೆ. ಜೇಡ ಒಂದೆರಡು ಹನಿ ಕುಡಿಯುತ್ತದೆ, ಮತ್ತೆ ಒಣಗಿದ ಕೊಳವೆಯೊಳಗೆ ಹೋಗಿ ಕೂರುತ್ತದೆ. ಅದಕ್ಕೆ ಬೇಕಾಗಿದ್ದು ಕುಡಿಯಲು ನೀರು, ಉಸಿರಾಡಲು ಹರಿಯುವ ಗಾಳಿ. ನಾನು ಎರಡನ್ನೂ ಕಲಸಿ ಒಂದು ಮಾಡಿದ್ದೆ.

ಎರಡನೆಯದನ್ನು ತರುವ ಮೊದಲು ಒಂದು ವರ್ಷ ಸುಮ್ಮನಿದ್ದೆ. ಪೆಟ್ಟಿಗೆಯನ್ನು ನಾನೇ ತಯಾರು ಮಾಡಿದೆ. ಅಗಲಕ್ಕಿಂತ ಎತ್ತರ ಜಾಸ್ತಿ. ಒಂದು ಬದಿಯ ಗೋಡೆಯಲ್ಲಿ ಕೆಳಗೆ ತೂತುಗಳ ಸಾಲು, ಎದುರಿನ ಗೋಡೆಯಲ್ಲಿ ಮೇಲೆ ಇನ್ನೊಂದು ಸಾಲು. ಗಾಳಿ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗಬೇಕು. ಬರೀ ಮುಚ್ಚಳದಲ್ಲಿ ತೂತು ಮಾಡಿದರೆ ಈ ಹರಿವು ಸಿಗುವುದಿಲ್ಲ. ಒಳಗೆ ನೆಟ್ಟಗೆ ನಿಲ್ಲಿಸಿದ ಒಂದು ಕಾರ್ಕ್ ತೊಗಟೆ, ಅದರ ಮೇಲ್ತುದಿಯಲ್ಲಿ ನಾಲ್ಕಾರು ಪ್ಲಾಸ್ಟಿಕ್ ಎಲೆ. ಬಲೆ ಕಟ್ಟಲು ಅದಕ್ಕೆ ಆಸರೆ ಬೇಕು. ಬುಡದಲ್ಲಿ ತೆಂಗಿನ ನಾರಿನ ಪುಡಿ ಒಣಗಿಯೇ ಇರುತ್ತದೆ, ಒಂದು ಮೂಲೆಯಲ್ಲಿ ಮಾತ್ರ ಆಗಾಗ ಸ್ವಲ್ಪ ನೀರು ಬಿಡುತ್ತೇನೆ. ಒಂದು ನೀರಿನ ಬಟ್ಟಲು ಕೆಳಗೆ, ಒಂದು ಪುಟ್ಟ ಬಟ್ಟಲು ಮೇಲೆ ತೊಗಟೆಗೆ ಅಂಟಿಸಿದ್ದು. ಬಟ್ಟಲಿಗೆ ಸ್ಪಂಜು ಹಾಕಬೇಡಿ. ಅದು ಕೊಳೆಯುತ್ತದೆ, ಜೇಡಕ್ಕೆ ಅದರಿಂದ ಯಾವ ಉಪಯೋಗವೂ ಇಲ್ಲ.

ಬಾಗಿಲು ಮುಂದೆ ಇರಲಿ. ಇದು ನಾನು ತಡವಾಗಿ ಕಲಿತದ್ದು. ಮರದ ಜೇಡ ಸಾಮಾನ್ಯವಾಗಿ ತನ್ನ ಬಲೆಯನ್ನು ಪೆಟ್ಟಿಗೆಯ ಅತಿ ಮೇಲಿನ ಮೂಲೆಯಲ್ಲಿ ಕಟ್ಟುತ್ತದೆ. ಮುಚ್ಚಳ ಮೇಲಿದ್ದರೆ ತೆರೆದಾಗಲೆಲ್ಲ ಅದರ ಮನೆ ಹರಿಯುತ್ತದೆ. ಪ್ರತಿ ವಾರ ಯಾರೋ ಬಂದು ಮನೆಯ ಚಾವಣಿ ಕಿತ್ತುಕೊಂಡು ಹೋದರೆ ಯಾವ ಜೀವ ತಾನೇ ನೆಮ್ಮದಿಯಾಗಿರುತ್ತದೆ?

ಬಿಸಿಗೆ ಅಂತ ನಾನು ಏನೂ ಇಡುವುದಿಲ್ಲ. 22ರಿಂದ 28 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಅದು ಆರಾಮ. ಬಲ್ಬಿನ ಶಾಖ ಜೇಡವನ್ನು ಬೇಗ ಒಣಗಿಸುತ್ತದೆ. ತೇವದ ಮೀಟರನ್ನು ಕಿತ್ತು ಬಿಸಾಡಿದೆ. ಅದರ ಬದಲು ಬಂದಿದ್ದೇ ಈ ನೋಟ್‌ಬುಕ್.

ಟರಂಟುಲಾ ಕೂಗುವುದಿಲ್ಲ, ಕೆಮ್ಮುವುದಿಲ್ಲ, ಬಾಲ ಜೋತುಬಿಡುವುದಿಲ್ಲ. ಊಟ ಬಿಟ್ಟರೆ ಕಾಯಿಲೆ ಅಂತ ಹೇಳಲೂ ಆಗುವುದಿಲ್ಲ, ಯಾಕಂದರೆ ಆರೋಗ್ಯವಾಗಿರುವ ಜೇಡವೇ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ನಮಗೆ ಉಳಿಯುವುದು ಎರಡೇ ಸುಳಿವು. ಅದು ಎಲ್ಲಿ ಕೂತಿದೆ, ಹೇಗೆ ಕೂತಿದೆ. ಅಷ್ಟು ಸಾಕು. ಆದರೆ ದಿನವೂ ನೋಡಬೇಕು, ಯಾಕಂದರೆ ಪ್ರತಿ ಜೇಡಕ್ಕೂ ತನ್ನದೇ ಅಭ್ಯಾಸ ಇರುತ್ತದೆ. ಅಭ್ಯಾಸ ಗೊತ್ತಿದ್ದರೆ ಮಾತ್ರ ಅದು ತಪ್ಪಿದ್ದು ಗೊತ್ತಾಗುತ್ತದೆ.

ಕೊಳವೆಯೊಳಗೆ ಅಥವಾ ತೊಗಟೆಗೆ ಅಂಟಿಕೊಂಡು, ಕಾಲುಗಳನ್ನು ಸಡಿಲವಾಗಿ ಚಾಚಿ ಕೂತಿದ್ದರೆ ಎಲ್ಲ ಸರಿಯಿದೆ. ತೂತುಗಳ ಹತ್ತಿರವೇ ದಿನಗಟ್ಟಲೆ ಇದ್ದರೆ ಗಾಳಿ ಸಾಲದು. ನೀರಿನ ಬಟ್ಟಲಿನ ಮೇಲೆ ಮುಖ ಚಾಚಿ ತುಂಬಾ ಹೊತ್ತು ಕೂತಿದ್ದರೆ, ಹೊಟ್ಟೆ ಸುಕ್ಕುಗಟ್ಟಿ ಚಿಕ್ಕದಾಗಿದ್ದರೆ ನೀರು ಸಾಲದು. ಹೊಸ ಪೆಟ್ಟಿಗೆಗೆ ಬಂದ ಮೊದಲ ಕೆಲವು ದಿನ ನೆಲದಲ್ಲಿ ಸುತ್ತಾಡಿದರೆ ಚಿಂತೆಯಿಲ್ಲ. ನೆಲೆ ನಿಂತ ಜೇಡ ಕೆಳಗಿಳಿದು ಅಲ್ಲೇ ಉಳಿದರೆ ಆ ದಿನವೇ ಯೋಚಿಸಬೇಕು. ಪೆಟ್ಟಿಗೆ ತುಂಬಾ ಒಣಗಿದೆಯಾ, ಮೇಲೆ ಬಿಸಿ ಜಾಸ್ತಿಯಾಗಿದೆಯಾ, ಬಲೆಯಲ್ಲಿ ಏನಾದರೂ ಕೊಳೆಯುತ್ತಿದೆಯಾ ಅಂತ.

ಎಲ್ಲಕ್ಕಿಂತ ಭಯ ಹುಟ್ಟಿಸುವುದು ಕಾಲು ಮಡಚಿಕೊಳ್ಳುವುದು. ಜೇಡದ ಕಾಲುಗಳ ಮುಖ್ಯ ಕೀಲುಗಳಲ್ಲಿ ಮಡಚಲು ಸ್ನಾಯು ಇದೆ, ಚಾಚಲು ಇಲ್ಲ. ಚಾಚುವ ಕೆಲಸವನ್ನು ರಕ್ತದ ಒತ್ತಡ ಮಾಡುತ್ತದೆ. ನೀರು ತುಂಬಿದ ಪೈಪು ಬಿಗಿದು ನೆಟ್ಟಗಾಗುತ್ತದಲ್ಲ, ಹಾಗೆ. ಮೈಯಲ್ಲಿ ನೀರು ಕಡಿಮೆಯಾದರೆ ಒತ್ತಡ ಇಳಿಯುತ್ತದೆ, ಕಾಲುಗಳು ತಾವಾಗಿಯೇ ಒಳಗೆ ಮುದುಡುತ್ತವೆ. ಸತ್ತ ಜೇಡ ಯಾವಾಗಲೂ ಮುದುಡಿ ಬಿದ್ದಿರುವುದು ಇದಕ್ಕೇ. ಬದುಕಿರುವ ಜೇಡ ಹೀಗೆ ಮುದುಡುತ್ತಿದ್ದರೆ ಮೊದಲು ಮಾಡಬೇಕಾದ್ದು ನೀರು ಕುಡಿಸುವುದು. ಆಳವಿಲ್ಲದ ಬಟ್ಟಲಿನ ಅಂಚಿಗೆ ಮುಂಭಾಗ ಮಾತ್ರ ತಾಗುವಂತೆ ನಿಧಾನವಾಗಿ ಇಡಬೇಕು. ಬಾಯಿ ನೀರಿಗೆ ತಾಗಬೇಕು, ಹೊಟ್ಟೆ ಹೊರಗಿರಬೇಕು, ಯಾಕಂದರೆ ಶ್ವಾಸಕೋಶ ಇರುವುದು ಅಲ್ಲಿ. ಒದ್ದೆ ಡಬ್ಬಿಯಲ್ಲಿ ಮುಚ್ಚಿಡುವ ಆ ಹಳೆಯ ಉಪಾಯವನ್ನು ಈಗ ಅನುಭವ ಇರುವವರು ಅನೇಕರು ಬಿಟ್ಟಿದ್ದಾರೆ. ನಾನು ಅದನ್ನು ಯಾರಿಗೂ ಹೇಳುವುದಿಲ್ಲ.

ಆದರೆ ಒಂದು ಎಚ್ಚರಿಕೆ. ಬೆನ್ನ ಮೇಲೆ ಮಲಗಿದ ಜೇಡವನ್ನು ಮುಟ್ಟಲೇಬೇಡಿ. ಅದು ಸತ್ತಿಲ್ಲ, ಪೊರೆ ಬಿಡುತ್ತಿದೆ.

ಪೊರೆ ಬಿಡುವುದರ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. ಹಾವು ಪೊರೆ ಬಿಟ್ಟರೆ ಹೊರಗಿನ ಚರ್ಮದ ಪದರ ಮಾತ್ರ ಹೋಗುತ್ತದೆ. ಟರಂಟುಲಾ ಬಿಡುವಾಗ ಒಳಗಿನದೂ ಹೋಗುತ್ತದೆ. ವಿಷದ ಕೋರೆಗಳ ಹೊರಕವಚ, ಗಂಟಲಿನ ಒಳಪದರ, ಆಹಾರ ಹೀರುವ ಜಠರದ ಒಳಪದರ, ಶ್ವಾಸಕೋಶದ ಹಾಳೆಗಳ ಹೊದಿಕೆ, ಹೆಣ್ಣಾದರೆ ವೀರ್ಯ ಕಾಪಿಡುವ ಪುಟ್ಟ ಚೀಲದ ಪದರ ಕೂಡ. ಇಷ್ಟನ್ನೂ ತನ್ನೊಳಗಿಂದ ತಾನೇ ಎಳೆದು ತೆಗೆಯುತ್ತದೆ. ದೊಡ್ಡ ಜೇಡಕ್ಕೆ ಇದು ಹಲವು ಗಂಟೆಗಳ ಕೆಲಸ. ಆ ಹೊತ್ತಿನಲ್ಲಿ ಅದಕ್ಕೆ ಓಡಲು ಆಗುವುದಿಲ್ಲ, ಕಚ್ಚಲು ಆಗುವುದಿಲ್ಲ. ಪೆಟ್ಟಿಗೆಯಲ್ಲಿ ತಿನ್ನದೆ ಬಿಟ್ಟ ಒಂದು ಕ್ರಿಕೆಟ್ ಹುಳ ಇದ್ದರೆ ಅದೇ ಈ ಜೇಡವನ್ನು ಕಚ್ಚಿ ತಿನ್ನಬಹುದು. ಹಾಕಿದ ಹುಳವನ್ನು ಒಂದು ದಿನದೊಳಗೆ ತಿನ್ನದಿದ್ದರೆ ತೆಗೆದುಬಿಡಬೇಕು ಅನ್ನುವುದು ಇದಕ್ಕಾಗಿ.

ಪೊರೆಗೆ ಮೊದಲು ಅದು ಊಟ ಬಿಡುತ್ತದೆ. ಹೊಟ್ಟೆ ಬಿಗಿಯಾಗಿ, ಬಣ್ಣ ಮಂಕಾಗುತ್ತದೆ. ಮರದ ಜೇಡ ಇನ್ನೂ ಒಂದು ಕೆಲಸ ಮಾಡುತ್ತದೆ: ತನ್ನ ಕೊಳವೆಯ ಬಾಯನ್ನು ದಪ್ಪ ಬಲೆಯಿಂದ ಹೊಲಿದು ಮುಚ್ಚಿಕೊಳ್ಳುತ್ತದೆ. ಮೊದಲ ಸಲ ಹೀಗಾದಾಗ ನಾನು ತಡೆಯಲಾರದೆ ಪೆನ್ಸಿಲ್ ತುದಿಯಿಂದ ಬಲೆಯನ್ನು ಸ್ವಲ್ಪ ಸರಿಸಿ ಇಣುಕಿದ್ದೆ. ಬದುಕಿದೆಯಾ ಅಂತ ನೋಡಬೇಕಿತ್ತು. ಅದು ರಾತ್ರಿಯಿಡೀ ಕೂತು ಆ ತೂತನ್ನು ಮತ್ತೆ ಹೊಲಿಯಿತು. ಪೊರೆಗೆ ಕೂಡಿಟ್ಟ ಶಕ್ತಿಯನ್ನು ನನ್ನ ಆತಂಕಕ್ಕೆ ಖರ್ಚು ಮಾಡಿಸಿದೆ. ಆಮೇಲೆ ಯಾವತ್ತೂ ಇಣುಕಿಲ್ಲ. ನೋಟ್‌ಬುಕ್ಕಿನಲ್ಲಿ "ಮುಚ್ಚಿದೆ" ಅಂತ ಬರೆಯುತ್ತೇನೆ, ನೀರು ತುಂಬಿಸುತ್ತೇನೆ, ದೀಪ ಆರಿಸುತ್ತೇನೆ. ಒಮ್ಮೆ ಮೂವತ್ತೊಂದು ದಿನ ಹಾಗೇ ಬರೆದಿದ್ದೇನೆ.

ಹೊರಗೆ ಬಂದ ಮೇಲೂ ಆತುರ ಬೇಡ. ಆಗ ಕೋರೆಗಳು ಬೆಳ್ಳಗೆ, ಮೆತ್ತಗೆ ಇರುತ್ತವೆ. ನಿಧಾನವಾಗಿ ಕೆಂಪಾಗಿ, ಆಮೇಲೆ ಕಪ್ಪಾಗುತ್ತವೆ. ಕಪ್ಪಾಗುವವರೆಗೆ ಊಟ ಹಾಕುವುದಿಲ್ಲ. ದೊಡ್ಡ ಜೇಡವಾದರೆ ಹತ್ತು ದಿನವೋ ಎರಡು ವಾರವೋ ಕಾಯುತ್ತೇನೆ. ಮುರಿದು ಹೋದ ಕಾಲು ಕೂಡ ಪೊರೆಯೊಂದಿಗೆ ಮತ್ತೆ ಹುಟ್ಟುತ್ತದೆ. ಮೊದಲ ಸಲ ಸಣ್ಣಗೆ, ಸಪೂರವಾಗಿ. ಎರಡು ಮೂರು ಪೊರೆ ಕಳೆಯುವ ಹೊತ್ತಿಗೆ ಯಾವ ಕಾಲು ಹೋಗಿತ್ತು ಅಂತ ಹುಡುಕಬೇಕು. ಕಾಲು ಹೋದರೆ ಹೆದರದೆ ಕಾಯುವುದು ಉತ್ತಮ. ಹೊಟ್ಟೆಗೆ ಗಾಯವಾಗಿ ರಕ್ತ ಬರುತ್ತಿದ್ದರೆ ಮಾತ್ರ ತಡ ಮಾಡಬಾರದು. ಮೆಕ್ಕೆಜೋಳದ ಹಿಟ್ಟನ್ನೋ ಒಂದು ತೊಟ್ಟು ಸೂಪರ್ ಗ್ಲೂವನ್ನೋ ಗಾಯದ ಮೇಲಿಟ್ಟು ಉಳಿಸಿಕೊಂಡವರಿದ್ದಾರೆ. ಹಾಗೆ ಮಾಡಿಯೂ ಕಳೆದುಕೊಂಡವರಿದ್ದಾರೆ.

ಇದಕ್ಕೇ ನಾನು ಕೈಗೆ ತೆಗೆದುಕೊಳ್ಳುವುದಿಲ್ಲ. ಪಿಂಕ್‌ಟೋ ಸಾಧು ಜೇಡ, ಕೈ ಮೇಲೆ ಹತ್ತಿಸಿಕೊಂಡು ಫೋಟೋ ತೆಗೆಯುವವರು ಬಹಳ. ಆದರೆ ಅದಕ್ಕೆ ನಮ್ಮ ಕೈ ಅಂದರೆ ಬಿಸಿಯಾದ, ಅಲುಗಾಡುವ ಒಂದು ಕೊಂಬೆ. ಅಲ್ಲಿ ಅದಕ್ಕೆ ಸಿಗುವುದು ಏನೂ ಇಲ್ಲ. ಹೆದರಿದರೆ ಅದು ಇದ್ದಕ್ಕಿದ್ದಂತೆ ಹಾರುತ್ತದೆ, ಮುಂದಿನ ಕೊಂಬೆ ಇದೆಯೋ ಇಲ್ಲವೋ ನೋಡುವುದಿಲ್ಲ. ತುಂಬಿದ ಹೊಟ್ಟೆ ಗಟ್ಟಿ ನೆಲಕ್ಕೆ ಬಡಿದರೆ ಒಡೆಯುತ್ತದೆ. ಇನ್ನೊಂದು ವಿಷಯ, ಅದರ ಹೊಟ್ಟೆಯ ಮೇಲೆ ತುರಿಕೆ ತರುವ ಕೂದಲಿನ ಒಂದು ತೇಪೆ ಇದೆ. ಪಿಂಕ್‌ಟೋ ಅದನ್ನು ಬೇರೆ ಟರಂಟುಲಾಗಳಂತೆ ಕಾಲಿನಿಂದ ಕೆದರಿ ಗಾಳಿಗೆ ಎರಚುವುದಿಲ್ಲ, ನೇರವಾಗಿ ಒತ್ತುತ್ತದೆ. ಬಲೆಗೂ ಆ ಕೂದಲು ಅಂಟಿರಬಹುದು. ಪೆಟ್ಟಿಗೆ ಶುಚಿ ಮಾಡಿದ ಕೈ ಕಣ್ಣಿಗೆ ಹೋಗಬಾರದು. ಕಣ್ಣಿಗೆ ಹೊಕ್ಕರೆ ಅದು ದೊಡ್ಡ ತೊಂದರೆ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳೆದ ಜೇಡಕ್ಕೆ ವಾರಕ್ಕೋ ಹತ್ತು ದಿನಕ್ಕೋ ಒಂದು ಹುಳ ಸಾಕು. ಹುಳ ಅದರ ಹೊಟ್ಟೆಗಿಂತ ದೊಡ್ಡದಿರಬಾರದು. ಹೊರಗೆ ಹಿಡಿದ ಹುಳ ಹಾಕಬಾರದು, ಅದು ಯಾವ ಔಷಧಿ ಸಿಂಪಡಿಸಿದ ಗಿಡ ತಿಂದಿದೆಯೋ ಯಾರಿಗೆ ಗೊತ್ತು. ಜೇಡ ಹುಳವನ್ನು ಹೊರಗೇ ಕರಗಿಸಿ ರಸ ಹೀರುತ್ತದೆ, ಉಳಿದ ಚರಟದ ಉಂಡೆಯನ್ನು ಬಿಸಾಡುತ್ತದೆ. ಅದನ್ನು ಚಿಮುಟದಿಂದ ತೆಗೆಯಿರಿ. ಹಾಗೇ ಬಿಟ್ಟರೆ ನುಸಿಯೂ ಸಣ್ಣ ನೊಣವೂ ಬರುತ್ತವೆ.

ವಿಷದ ಮಾತು ಬಂತಲ್ಲ, ಅದನ್ನು ಇನ್ನೂ ಗಟ್ಟಿಯಾಗಿ ಹೇಳಬೇಕು. ಮನೆಯಲ್ಲಿ ನಾಯಿ ಬೆಕ್ಕಿಗೆ ಚಿಗಟಕ್ಕೆ ಹಾಕುವ ಹನಿ, ಸೊಳ್ಳೆ ಓಡಿಸುವ ಬತ್ತಿ, ದ್ರಾವಣ, ಜಿರಲೆ ಸ್ಪ್ರೇ ಇವೆಲ್ಲ ಹುಳಗಳ ನರಗಳನ್ನು ಕೆಡಿಸಲೆಂದೇ ಮಾಡಿದ್ದು. ಜೇಡಕ್ಕೂ ಅದೇ ಗತಿ. ನಾಯಿಗೆ ಹನಿ ಹಾಕಿದ ಕೈಯಲ್ಲಿ ಪೆಟ್ಟಿಗೆ ತೆರೆದರೂ ಸಾಕು. ಜೇಡ ನಡುಗುತ್ತದೆ, ಕಾಲುಗಳು ಒಂದಕ್ಕೊಂದು ಹೊಂದದೆ ಎಳೆದಾಡುತ್ತವೆ, ನಡೆದರೆ ತೂರಾಡುತ್ತದೆ. ಒಮ್ಮೆ ಪಕ್ಕದ ಕೋಣೆಯಲ್ಲಿ ಯಾರೋ ಸ್ಪ್ರೇ ಹೊಡೆದಾಗ ನಾನು ಪೆಟ್ಟಿಗೆಯನ್ನು ಎತ್ತಿಕೊಂಡು ಮನೆಯಿಂದ ಹೊರಗೆ ಓಡಿದ್ದೆ. ಅವತ್ತು ಏನೂ ಆಗಲಿಲ್ಲ. ಆದರೆ ಅಂದಿನಿಂದ ಆ ಡಬ್ಬಿ ನಮ್ಮ ಮನೆಗೆ ಬಂದಿಲ್ಲ.

ಜಂತುಹುಳದ ಬಗ್ಗೆಯೂ ತಿಳಿದಿರಬೇಕು. ಟರಂಟುಲಾದ ಬಾಯಲ್ಲಿ ಬೆಳ್ಳಗೆ ಅಂಟಂಟಾದದ್ದು ಕಂಡರೆ, ಅದು ಊಟ ಬಿಟ್ಟು ತುದಿಗಾಲಲ್ಲಿ ನಿಂತಂತೆ ನಡೆದರೆ, ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳಗಳು ಸೇರಿರಬಹುದು. 2022ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಇಂಥ ಒಂದು ಹುಳವನ್ನು ಹೊಸ ಜಾತಿ ಅಂತ ಗುರುತಿಸಿದರು. ಅದಕ್ಕೆ ಟರಂಟೊಬೆಲಸ್ ಜೆಫ್‌ಡ್ಯಾನಿಯಲ್ಸಿ ಅಂತ ಹೆಸರಿಟ್ಟರು, ಜೇಡಗಳ ಕುರಿತ ಒಂದು ಸಿನಿಮಾದಲ್ಲಿ ನಟಿಸಿದ ಜೆಫ್ ಡ್ಯಾನಿಯಲ್ಸ್ ಗೌರವಕ್ಕೆ. ಈ ಹುಳ ಬಾಯಿಯ ಸುತ್ತ ಸೇರಿಕೊಂಡರೆ ಜೇಡಕ್ಕೆ ಕೋರೆಗಳನ್ನು ಆಡಿಸಲು ಆಗುವುದಿಲ್ಲ. ಎದುರಿಗೆ ಊಟ ಇದ್ದರೂ ಹಸಿವಿನಿಂದ ಸಾಯುತ್ತದೆ. ನಂಬಬಹುದಾದ ಔಷಧಿ ಇಲ್ಲ. ಇಂಥ ಜೇಡ ಸಿಕ್ಕರೆ ತಕ್ಷಣ ಬೇರೆ ಕೋಣೆಯಲ್ಲಿ ಇಡಬೇಕು, ಚಿಮುಟ, ಬಟ್ಟಲು ಎಲ್ಲ ಬೇರೆ ಮಾಡಬೇಕು. ಹೊಸದಾಗಿ ತಂದ ಜೇಡವನ್ನು ನಾನು ಕನಿಷ್ಠ ಎರಡು ತಿಂಗಳು ಉಳಿದವುಗಳ ಹತ್ತಿರ ಸೇರಿಸುವುದಿಲ್ಲ. ಕಾಡಿನಿಂದ ಹಿಡಿದು ತಂದದ್ದನ್ನು ತರುವುದೇ ಇಲ್ಲ.

ಕಾಡಿನಿಂದ ತರದಿರುವುದಕ್ಕೆ ಜಂತುಹುಳಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಪೊಯಿಸಿಲೋಥೀರಿಯಾ ಅನ್ನುವ ಗುಂಪಿನ ಮರಜೇಡಗಳು ಭಾರತ ಮತ್ತು ಶ್ರೀಲಂಕಾದಲ್ಲಿ ಮಾತ್ರ ಇವೆ. ಅದರಲ್ಲಿ ಒಂದು ಪೂರಾ ನೀಲಿ, ಪೊಯಿಸಿಲೋಥೀರಿಯಾ ಮೆಟಾಲಿಕಾ. 1899ರಲ್ಲಿ ಪೋಕಾಕ್ ಅನ್ನುವ ವಿಜ್ಞಾನಿ ಇದನ್ನು ವಿವರಿಸಿದ. ಅವನಿಗೆ ಸಿಕ್ಕಿದ್ದು ಒಂದೇ ಜೇಡ, ಆಂಧ್ರದ ಗುತ್ತಿಯಲ್ಲಿ ರೈಲ್ವೆಯ ಮರದ ದಿಮ್ಮಿಗಳ ನಡುವೆ ಕಂಡದ್ದು. ಆಮೇಲೆ ನೂರು ವರ್ಷ ಸುದ್ದಿಯಿಲ್ಲ. 2001ರಲ್ಲಿ ಗುತ್ತಿಯಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿ, ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ ಮತ್ತೆ ಸಿಕ್ಕಿತು. ಗುತ್ತಿಗೆ ಅದು ಬಂದಿದ್ದು ಬಹುಶಃ ದಿಮ್ಮಿಗಳ ಜೊತೆ ರೈಲಿನಲ್ಲಿ. ಅದರ ನೀಲಿಗೆ ಬಣ್ಣದ ಪುಡಿ ಕಾರಣವಲ್ಲ. ಕೂದಲಿನ ಅತಿ ಸೂಕ್ಷ್ಮ ರಚನೆಗೆ ಬೆಳಕು ಬಿದ್ದು ಹಾಗೆ ಕಾಣುತ್ತದೆ. ಇವತ್ತು ಜಗತ್ತಿನಾದ್ಯಂತ ಜನ ಇದನ್ನು ಸಾಕುತ್ತಾರೆ. ಅದರ ಸ್ವಂತ ಕಾಡಿನಲ್ಲಿ ಮಾತ್ರ ಅದು ಅಳಿವಿನ ಅಂಚಿನಲ್ಲಿದೆ. ಈ ಇಡೀ ಗುಂಪನ್ನು 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಸೈಟಿಸ್ ಪಟ್ಟಿಗೆ ಸೇರಿಸಲಾಯಿತು. ಅಷ್ಟು ಚಿಕ್ಕ ಕಾಡಿನಿಂದ ಒಂದೇ ಒಂದು ಹೆಣ್ಣನ್ನು ಕೀಳುವುದೂ ನನಗೆ ಕಳ್ಳತನವಾಗಿಯೇ ಕಾಣುತ್ತದೆ. ಸಾಕುವ ಆಸೆ ಇದ್ದವರು ನಿಮ್ಮಲ್ಲಿನ ಕಾನೂನು ಮೊದಲು ನೋಡಿ. ಪೆಟ್ಟಿಗೆಯಲ್ಲೇ ಹುಟ್ಟಿದ ಮರಿ ಅಂತ ಖಚಿತವಾದರೆ ಮಾತ್ರ ಮುಂದುವರಿಯಿರಿ.

ಮೊದಲ ಸಲ ಸಾಕುವವರಿಗೆ ಈ ಗುಂಪು ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಇವು ಕಣ್ಣು ಮಿಟುಕಿಸುವಷ್ಟರಲ್ಲಿ ಗೋಡೆ ಹತ್ತುತ್ತವೆ. ತುರಿಕೆಯ ಕೂದಲು ಇವಕ್ಕಿಲ್ಲ, ಇರುವ ಆಯುಧ ಕಚ್ಚುವುದೊಂದೇ. ಕಚ್ಚಿದರೆ ನೋವು, ಊತ, ಅದರ ಜೊತೆಗೆ ಗಂಟೆಗಳ ನಂತರ ಶುರುವಾಗಿ ದಿನಗಟ್ಟಲೆ ಕಾಡುವ ಸ್ನಾಯು ಸೆಳೆತ. ಪಿಂಕ್‌ಟೋ ಹೆದರಿದರೆ ಓಡುತ್ತದೆ, ಇಲ್ಲವೇ ಹಿಂಭಾಗ ಎತ್ತಿ ಮಲವನ್ನು ದೂರಕ್ಕೆ ಚಿಮ್ಮುತ್ತದೆ. ಕಚ್ಚುವುದು ಅಪರೂಪ.

ಪಿಂಕ್‌ಟೋದ ವೈಜ್ಞಾನಿಕ ಹೆಸರಿನ ಹಿಂದೆ ಒಬ್ಬ ಹೆಂಗಸಿದ್ದಾಳೆ ಅನ್ನುವುದು ನನಗೆ ಬಹಳ ಪ್ರಿಯವಾದ ಸಂಗತಿ. ಮರಿಯಾ ಸಿಬಿಲ್ಲಾ ಮೆರಿಯನ್. 1699ರಲ್ಲಿ, ಐವತ್ತೆರಡನೆಯ ವಯಸ್ಸಿನಲ್ಲಿ, ಮಗಳನ್ನು ಕರೆದುಕೊಂಡು ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋದಳು. ಬರೀ ಹುಳಗಳನ್ನು ನೋಡಿ ಚಿತ್ರ ಬರೆಯಲು. ಅವಳ ಒಂದು ಚಿತ್ರ 1705ರಲ್ಲಿ ಅಚ್ಚಾಯಿತು: ಸೀಬೆ ಮರದ ಕೊಂಬೆಯ ಮೇಲೆ ದೊಡ್ಡ ಕಪ್ಪು ಜೇಡ ಒಂದು ಪುಟ್ಟ ಹಕ್ಕಿಯನ್ನು ಹಿಡಿದಿದೆ. ಜೇಡ ಹಕ್ಕಿ ತಿನ್ನುವುದುಂಟಾ ಅಂತ ಆಮೇಲೆ ಎಷ್ಟೋ ಜನ ಅವಳನ್ನು ನಂಬಲಿಲ್ಲ. 1758ರಲ್ಲಿ, ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನೇಯಸ್ ಈ ಜೇಡಕ್ಕೆ ಹಕ್ಕಿಯ ನಂಟಿರುವ ಹೆಸರನ್ನೇ ಕೊಟ್ಟ. ಮೇಜಿನ ಮುಂದೆ ಕೂತು ಒಂದೇ ಸಾಲು ಬರೆಯುವಾಗ ನನಗೆ ಅವಳ ನೆನಪು ಬರುತ್ತದೆ. ಅಷ್ಟು ದೂರ ಹೋಗಿ, ಅಷ್ಟು ಹೊತ್ತು ಕೂತು ನೋಡಿದವಳು.

ಗಂಡು ಜೇಡದ ಬಗ್ಗೆ ಹೇಳದೆ ಇರಲಾರೆ. ನಡುವೆ ನನ್ನ ಹತ್ತಿರ ಕ್ಯಾರಿಬೆನಾ ವರ್ಸಿಕಲರ್ ಒಂದು ಇತ್ತು. ಮಾರ್ಟಿನಿಕ್ ದ್ವೀಪದಲ್ಲಿ ಮಾತ್ರ ಸಿಗುವ ಜೇಡ. ಮರಿಯಾಗಿದ್ದಾಗ ಹೊಳೆಯುವ ನೀಲಿ, ಬೆಳೆದ ಮೇಲೆ ಹಸಿರು, ಕೆಂಪು, ನೇರಳೆ. ಇದನ್ನೂ ಮೊದಲು ಅವಿಕ್ಯುಲೇರಿಯಾ ಅಂತಲೇ ಕರೆಯುತ್ತಿದ್ದರು, 2017ರಲ್ಲಿ ಬೇರೆ ಕುಲಕ್ಕೆ ಸೇರಿಸಿದರು. ಒಂದು ಪೊರೆಯ ನಂತರ ನೋಡಿದರೆ ಅದರ ಬಾಯಿ ಪಕ್ಕದ ಪುಟ್ಟ ಕೈಗಳ ತುದಿ ಉಬ್ಬಿತ್ತು. ಬಾಕ್ಸಿಂಗ್ ಗ್ಲೌಸ್ ಹಾಕಿಕೊಂಡಂತೆ. ಅಂದರೆ ಪ್ರಾಯಕ್ಕೆ ಬಂದ ಗಂಡು. ಅಲ್ಲಿಂದ ಅದರ ನೋಟ್‌ಬುಕ್ ಬದಲಾಯಿತು. ಬಲೆ ಕಟ್ಟುವುದು ಬಿಟ್ಟಿತು. ರಾತ್ರಿಯಿಡೀ ಹೆಣ್ಣನ್ನು ಹುಡುಕುತ್ತಾ ಪೆಟ್ಟಿಗೆ ಸುತ್ತಿತು. ಊಟ ಕಡಿಮೆ ಮಾಡಿತು. ಸಾಕುವವರೊಬ್ಬರ ಹತ್ತಿರ ಹೆಣ್ಣಿತ್ತು, ಅಲ್ಲಿಗೆ ಕಳಿಸಿ ಮತ್ತೆ ತಂದೆ. ಕೆಲವು ತಿಂಗಳ ನಂತರ ನಡಿಗೆ ನಿಧಾನವಾಯಿತು, ಗಾಜಿನ ಮೇಲೆ ಕಾಲು ಜಾರತೊಡಗಿತು. ಹೆಣ್ಣು ಹತ್ತು ವರ್ಷಕ್ಕೂ ಹೆಚ್ಚು ಬದುಕಬಹುದು, ಗಂಡಿಗೆ ಕೆಲವೇ ವರ್ಷ. ಯಾವ ಗಾಳಿ, ಯಾವ ನೀರೂ ಅದನ್ನು ಬದಲಿಸುವುದಿಲ್ಲ. ಕೊನೆಯ ವಾರ ನೀರಿನ ಬಟ್ಟಲನ್ನು ಹತ್ತಿರ ಸರಿಸಿದೆ, ಹತ್ತಲು ಸುಲಭವಾಗಲಿ ಅಂತ ತೊಗಟೆಯನ್ನು ಓರೆ ಮಾಡಿದೆ. ಒಂದು ಬೆಳಿಗ್ಗೆ ತೊಗಟೆಯ ಬುಡದಲ್ಲಿ ಮುದುಡಿತ್ತು. ಮೊದಲನೆಯದು ಸತ್ತಾಗ ಅತ್ತಷ್ಟೇ ಅವತ್ತೂ ಅತ್ತೆ. ಆದರೆ ಆ ಅಳುವಿನಲ್ಲಿ ತಪ್ಪಿತಸ್ಥ ಭಾವ ಇರಲಿಲ್ಲ.

ನನ್ನ ಪಿಂಕ್‌ಟೋ ಹೆಣ್ಣು. ಈ ಸಲ ಇಪ್ಪತ್ತಮೂರು ದಿನ ಬಾಗಿಲು ಮುಚ್ಚಿಕೊಂಡಿತ್ತು. ನಿನ್ನೆ ಬೆಳಿಗ್ಗೆ ಕೊಳವೆಯ ಬಾಯಿ ತೆರೆದಿತ್ತು, ಹಳೆಯ ಪೊರೆ ಕೆಳಗೆ ಬಿದ್ದಿತ್ತು. ಉದ್ದ ಚಿಮುಟದಿಂದ ಅದನ್ನು ತೆಗೆದೆ. ಒಂದು ತೊಟ್ಟು ಸೋಪು ಹಾಕಿದ ನೀರಿನಲ್ಲಿ ನೆನೆಸಿ, ಮುದುಡಿದ ಹೊಟ್ಟೆಯ ಭಾಗವನ್ನು ಮೆತ್ತಗಿನ ಬ್ರಷ್‌ನಿಂದ ಬಿಡಿಸಿದೆ. ಎಂಟೂ ಕಾಲು ಪೂರ್ತಿ ಬಂದಿದ್ದವು. ಕೋರೆಗಳೆರಡೂ ಇದ್ದವು. ಒಳಗಡೆ ಶ್ವಾಸಕೋಶದ ನಾಲ್ಕು ಬಿಳಿ ಗುರುತು, ನಾಲ್ಕೂ ಹರಿಯದೆ ಇದ್ದವು. ಆ ನಾಲ್ಕನ್ನು ಎರಡೆರಡು ಸಲ ಎಣಿಸಿದೆ.

ಇವತ್ತಿನ ಸಾಲು: "ಮೇಲೆ, ಬಲ ಮೂಲೆ, ಕೊಳವೆಯ ಬಾಯಲ್ಲಿ. ಕಾಲು ಚಾಚಿದೆ. ಕೋರೆ ಇನ್ನೂ ಬಿಳಿ."